ಕೆಂಪು ಮೊದಲು ಬಂದರೆ

ಹಸುವಿನ ಭಾಷೆ ನನಗೆ ಬರುತ್ತದೆ.
ಹದಿನೇಳು ವರ್ಷ ಪೊನ್ನಂಪೇಟೆ ಸುತ್ತಿನ ಕೊಟ್ಟಿಗೆಗಳಲ್ಲಿ
ಭುಜದವರೆಗೆ ಕೈ ಇಳಿಸಿ ಕಲಿತದ್ದು:
ತಡಿ, ಕಾಯಿ, ಒಂದು ಲೋಟ ಕಾಫಿ ಕುಡಿ,
ಆಮೇಲೆ ಎಳಿ.

ಹಸು ಈಯುತ್ತದೆ. ಕುದುರೆ ಮರಿ ಹಾಕುತ್ತದೆ.
ಶಬ್ದವೇ ಬೇರೆ, ವ್ಯಾಕರಣ ಬೇರೆ ಇರದೇ ಇರುತ್ತದೆಯೇ?

ಬಾಳೆಲೆ ರಸ್ತೆಯಲ್ಲಿ ಚೋಂದಮ್ಮನ ಲಾಯ.
ಹೋಂಸ್ಟೇ ಮಕ್ಕಳನ್ನು ಹೊತ್ತು ತಿರುಗುವ ಮೂರು ಕುದುರೆ,
ಅದರಲ್ಲೊಂದು ಗಬ್ಬ. ಹೆಸರು ಬೋಣಿ.
ಮೈಸೂರಿನ ರೇಸಿನಲ್ಲಿ ಒಮ್ಮೆಯೂ ಗೆಲ್ಲದೆ
ಹುಲ್ಲಿನ ಬೆಲೆಗೆ ಬಂದವಳು.
ಜೊತೆಗೆ ಬಂದವನು ಸೈಸ್ ದಸ್ತಗೀರ್,
ಹೆಚ್ಚುಕಡಿಮೆ ಅದೇ ಬೆಲೆಗೆ.

ಪಕ್ಕದ ಮನೆಯ ಹಂದಿಗಳಿಗೆ ಲಸಿಕೆ ಹಾಕಲು ಹೋದವಳನ್ನು
ಬೇಲಿಯಾಚೆಯಿಂದ ಕರೆದ: "ಮೇಡಂ, ಒಂದು ಸಲ ನೋಡಿ."
ನೋಡಲು ಕೊಟ್ಟದ್ದು ಕುದುರೆಯನ್ನಲ್ಲ,
ಕೋಳಿಫಾರಮಿನ ಹಳೆ ಲೆಕ್ಕದ ಪುಸ್ತಕ.
ದಿನ ಮುನ್ನೂರ ಇಪ್ಪತ್ತು. ಬೆಳಿಗ್ಗೆ ಕೆಚ್ಚಲು ಬಿಗಿ, ನಡೆಸಿದರೆ ಇಳಿಯಿತು.
ಮುನ್ನೂರ ಮೂವತ್ತು. ನಡೆಸಿದರೂ ಇಳಿಯಲಿಲ್ಲ. ಬಾಲದ ಬುಡ ಬೆಣ್ಣೆ.
ಮೂವತ್ತೈದು. ಮೊಲೆತೊಟ್ಟಿಗೆ ಮೇಣ,
ಸಾಸಿವೆಯಷ್ಟು, ಜೇನಿನ ಬಣ್ಣ.
ಕೆಳಗೆ ಎರಡು ಗೀಟು ಎಳೆದು:
ಹಾಲು ಮೊದಲೇ ಸೋರಿದರೆ ಬಾಟಲಿ ಹಿಡಿ.
ಗಿಣ್ಣುಹಾಲು ನೆಲ ಕುಡಿದರೆ
ಮರಿಗೆ ಕವಚ ಇಲ್ಲ.

ಮೂರು ರಾತ್ರಿ ನಾನೂ ಕೂತೆ. ಯಾಕೆಂದು ಕೇಳಬೇಡಿ,
ಸರ್ಕಾರಿ ರಿಜಿಸ್ಟರಿನಲ್ಲಿ ಕುದುರೆಗೆ ಕಾಲಂ ಕೂಡ ಇಲ್ಲ.
ಬೋಣಿ ಪಕ್ಕೆ ತಿರುಗಿ ತಿರುಗಿ ನೋಡುತ್ತಿದ್ದಳು,
ಯಾರೋ ಅಲ್ಲಿಂದ ಕರೆದ ಹಾಗೆ.
ಕುತ್ತಿಗೆ ಬೆವರಿತ್ತು.
"ಹೊಟ್ಟೆನೋವಿಗೂ ಹಿಂಗೇ ಮಾಡ್ತಾಳೆ," ಎಂದ ದಸ್ತಗೀರ್,
ತುಟಿ ಎತ್ತಿ ತೋರಿಸಿದ:
"ಒಸಡು ಗುಲಾಬಿ. ನಡುವೆ ಎರಡು ಬಾಯಿ ಹುಲ್ಲೂ ತಿಂದಳು.
ಇಟ್ಟಿಗೆ ಬಣ್ಣ ಆದ್ರೆ ಹೆದರಿ."
ನಾನು ಆಗಲೇ ಹೆದರಿದ್ದೆ.

ನಾಲ್ಕನೆಯ ರಾತ್ರಿ, ಎರಡೂಕಾಲು.
ದೂರದ ತೋಟದಲ್ಲಿ ಆನೆ ಓಡಿಸುವ ಪಟಾಕಿ.
ಬೋಣಿ ಮಲಗಿದಳು, ಎದ್ದಳು, ಮತ್ತೆ ಮಲಗಿದಳು.
ಬರಬೇಕಾದ್ದು ಬಿಳಿ ಚೀಲ,
ನೀಲಿ ಹಾದ ಬಿಳಿ, ಒದ್ದೆ ಬೆಳದಿಂಗಳಿನ ಹಾಗೆ.
ಬಂದದ್ದು ಕೆಂಪು.
ಕುಪ್ಯದ ಮೇಲೆ ಸುತ್ತುವ ಚೇಲೆಯ ಕೆಂಪು,
ಮಖಮಲ್ಲು, ದಪ್ಪ.

ನನ್ನ ಕೈ ಹಸುವಿನ ಮಾತು ಕೇಳಿತು: ತಡಿ.
ಗೋಣಿಕೊಪ್ಪದ ಡಾಕ್ಟರ ಫೋನು
ಸುಮ್ಮನೆ ಬಡಿದುಕೊಳ್ಳುತ್ತಿತ್ತು.
ಬೋಣಿಯ ತಲೆ ಹಿಡಿದು ಕೂತಿದ್ದ ದಸ್ತಗೀರ್,
ಮೂರು ವಾರದಿಂದ ಮೇಡಂ ಮೇಡಂ ಎಂದವನು,
ಏಕವಚನಕ್ಕಿಳಿದ:
"ಕುಯ್ಯಿ! ಒಳಗೆ ಅದಕ್ಕೆ ಉಸಿರಿಲ್ಲ, ಕುಯ್ಯಿ!"

ಬಾಲದ ಬ್ಯಾಂಡೇಜು ಕತ್ತರಿಸಿದ ಕತ್ತರಿ
ಹುಲ್ಲಿನ ಮೇಲೆ ಬಿದ್ದಿತ್ತು.
ಕುಯ್ದೆ.
ಬೆಚ್ಚನೆಯ ನೀರು ಮೊಣಕೈ ದಾಟಿತು,
ಒಳಗಿನ ಬಿಳಿ ಹರಿಯಿತು,
ಒಂದು ಗೊರಸು, ಅಂಗಾಲು ಕೆಳಗೆ. ಸದ್ಯ.
ಸ್ವಲ್ಪ ಹಿಂದೆ ಇನ್ನೊಂದು.
ಮೊಣಕಾಲ ಮೇಲೆ ಮೂಗು.
ಅವಳು ಮುಕ್ಕಿದಾಗ ಎಳೆದೆ, ಬಿಟ್ಟಾಗ ಬಿಟ್ಟೆ.

ನೆಲದ ಮೇಲೆ ಒದ್ದೆ ಮೂಟೆ. ಅಲುಗಾಟವಿಲ್ಲ.
ಚೋಂದಮ್ಮ ತನ್ನ ಶಾಲಿನಲ್ಲೇ ತಿಕ್ಕಿದಳು,
ದಸ್ತಗೀರ್ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದ.
ಗಂಡೋ ಹೆಣ್ಣೋ ಯಾರೂ ನೋಡಲಿಲ್ಲ.
ಸೀನಿತು.

ಒಂದು ಗಂಟೆಗೆ ನಿಲ್ಲಬೇಕು, ಎರಡಕ್ಕೆ ಕುಡಿಯಬೇಕು,
ಮೂರರೊಳಗೆ ಕಸ ಬೀಳಬೇಕು.
ನಿಂತಿತು, ಹತ್ತು ನಿಮಿಷ ತಡವಾಗಿ,
ನಾಲ್ಕು ಕಾಲು ನಾಲ್ಕು ಊರಿಗೆ ಹೊರಟಂತೆ.

ಬೆಳಗಾದ ಮೇಲೆ ಅವನ ಕೈ ನಡುಗುತ್ತಿತ್ತು,
ಪೆನ್ಸಿಲು ನನಗೆ ಕೊಟ್ಟ.
"ಬರೀರಿ ಮೇಡಂ." ಮತ್ತೆ ಬಹುವಚನ.
ಬರೆದೆ: ಕೆಂಪು ಮೊದಲು ಬಂದರೆ
ಮುಂದಿನ ಶಬ್ದಕ್ಕೆ ಸೀಸದ ಮೊನೆ ಮುರಿಯಿತು.

ಮಾರನೆಯ ದಿನ ಹುದಿಕೇರಿಯಲ್ಲಿ ಒಂದು ಹಸು.
ನನ್ನ ಕೈಗೆ ಎಲ್ಲಿಲ್ಲದ ಅವಸರ.
ಅದು ಮೆಲುಕು ಹಾಕುವುದನ್ನು ನಿಲ್ಲಿಸಿ
ತಿರುಗಿ ನೋಡಿತು.