ಚುಕ್ಕಿಗೆರೆ

ಬಾರಕೂರಿನ ಕೋಟೆ ಅಳೆಯಲು ಬಂದಿದ್ದೇನೆ.
ಐವತ್ತು ಮೀಟರಿನ ಟೇಪು, ಒಂದು ಛತ್ರಿ,
ಟೇಪಿನ ಆ ತುದಿ ಹಿಡಿಯಲು ಲಿಗೋರಿ.

ಆಳುಪರದು ಎನ್ನುತ್ತದೆ ಒಂದು ಕಡತ,
ಅಲ್ಲ, ವಿಜಯನಗರದವರದು ಎನ್ನುತ್ತದೆ ಇನ್ನೊಂದು.
ಎರಡಕ್ಕೂ ಗೆದ್ದಲು ಹಿಡಿದಿದೆ.

ಮೂಡಣ ಗೋಡೆ: ಲಂಟಾನದ ಒಳಗೆ
ಮೊಣಕಾಲೆತ್ತರ ಮುರಕಲ್ಲು, ನೂರ ಹನ್ನೆರಡು ಹೆಜ್ಜೆ.
ಆಮೇಲೆ ಯಾರದೋ ಗೇರುಹಿತ್ತಲು, ನಾಯಿ.
"ಬರಕೊಳ್ಳಿ ಸಾರ್, ನಾಯಿ" ಎಂದ ಲಿಗೋರಿ.
ಬರೆದುಕೊಂಡೆ.

ತೆಂಕಣಕ್ಕೆ ಅಗಳು.
ಮೊಸಳೆ ಬಿಟ್ಟಿದ್ದರಂತೆ;
ಈಗ ಹರಿವೆ ಮಡಿ, ತೊಂಡೆಯ ಚಪ್ಪರ,
ಒಣಹಾಕಿದ ಶಾಲೆಯ ಯೂನಿಫಾರ್ಮು.

ಆನೆಲಾಯ ಎಂದು ತೋರಿಸುವ ಜಾಗದಲ್ಲಿ
ಆನೆಯ ಗಾತ್ರದ್ದು ಏನೂ ಇಲ್ಲ.
ಒಂದು ಗಿಡ್ಡ ಕಲ್ಲುಕಂಬ, ಅದರ ಕುತ್ತಿಗೆಯ ಸುತ್ತ
ಸರಪಳಿ ಉಜ್ಜಿ ಉಜ್ಜಿ ಸವೆದ ಗೆರೆ.
ಬೆರಳಿಟ್ಟರೆ ಬೆರಳು ಕೂರುತ್ತದೆ.
ಯಾವ ಆನೆಯೋ, ಎಷ್ಟು ಮಳೆಗಾಲ
ನಿಂತಲ್ಲೇ ನಡೆಯಿತೋ.
ಅರಸರ ಬಿರುದಾದರೆ ಹದಿನಾರು ಸಾಲು ಇದೆ, ಶಾಸನದಲ್ಲಿ.

ಬಡಗಣ ಗೋಡೆ ಮಾತ್ರ ಸಿಗಲಿಲ್ಲ.
ಮೂರು ದಿನ ಹುಡುಕಿ, ಹೆಬ್ಬಾಗಿಲಿನ ಗುರುತಿನಿಂದ ಕೊತ್ತಲದ ಗುಡ್ಡೆಯವರೆಗೆ
ಚುಕ್ಕಿ ಚುಕ್ಕಿ ಎಳೆದೆ.
ಇಲಾಖೆಯ ಭಾಷೆಯಲ್ಲಿ ಚುಕ್ಕಿ ಎಂದರೆ
ಇದ್ದಿರಬಹುದು.

ಕೊತ್ತಲದ ಪಕ್ಕ ಚಿಕ್ಕು ಮರಕಾಲ್ತಿಯ ಮನೆ.
ನೀರು ಕೇಳಿದೆವು. ಬೆಲ್ಲದ ಚೂರೂ ತಂದಳು.
"ಎಂತ ಹುಡ್ಕುದ್ ನೀವು?"
ಬಡಗಣ ಗೋಡೆ ಎಂದೆ.
"ಅದಾ?" ಎಂದಳು, ಪಕ್ಕದ ಮನೆಯ ಬೆಕ್ಕನ್ನು ಕೇಳಿದ ಹಾಗೆ.
"ನಮ್ ಬಾಮಿ ಕಟ್ಟಿ ಕಾಣಿ, ನನ್ ಮಾವ ಹೊತ್ಕಂಡ್ ಬಂದದ್ದ್.
ಆಚಿಮನಿ ಹಟ್ಟಿ ಕಾಣಿ. ಶಾಲಿ ಮೆಟ್ಲ್ ಕಾಣಿ.
ಗೋಡಿ ಎಲ್ಲಿಗ್ ಹೋತ್ತ್? ಇಲ್ಲೇ ಇತ್ತ್."

ನಾನು ತುಮಕೂರಿನ ಕಡೆಯವನು.
ನಮ್ಮಲ್ಲಿ ಇತ್ತು ಎಂದರೆ, ಈಗಿಲ್ಲ.
ಇವಳ ಬಾಯಲ್ಲಿ ಇತ್ತ್ ಎಂದರೆ ಇದೆ.
ಲಿಗೋರಿ ಹೇಳಿಕೊಡಬೇಕಾಯಿತು.

ಬಾವಿಗೆ ಬಗ್ಗಿದೆ.
ಒಂಬತ್ತನೆಯ ವರಸೆಯಲ್ಲಿ ಒಂದು ಕಲ್ಲು,
ಅದರ ಮೇಲೆ ಕಲ್ಲುಕುಟಿಗನ ಗುರುತು,
ಮೀನೋ ಬಾಣವೋ ತಿಳಿಯದು.
ಚಿಕ್ಕು ಕೊಡಪಾನ ಇಳಿಸಿದಳು,
ನೀರು ಅಲುಗಿತು, ಅದು ಮೀನಾಯಿತು.

ಸಂಜೆ ನಕ್ಷೆ ಬಿಚ್ಚಿ ಕೂತೆ, ರಬ್ಬರು ಕೈಯಲ್ಲಿ.
ಚುಕ್ಕಿ ಅಳಿಸಬಹುದು;
ಗೆರೆಯನ್ನು ಯಾರ ಯಾರ ಅಂಗಳಕ್ಕೆ ಎಳೆಯಲಿ?
ಸ್ಕೇಲಿಗೆ ಬಗ್ಗುವುದಿಲ್ಲ ಇದು.

ಹೊರಗೆ ಲಿಗೋರಿ ಟೇಪು ಸುತ್ತುತ್ತಿದ್ದ.
ಅದರ ತುದಿ ಹರಿವೆಯ ಮಡಿ ದಾಟಿ,
ಬಾವಿಕಟ್ಟೆ ಬಳಸಿ, ಹಟ್ಟಿಯ ಮೂಲೆಗೆ ತಾಗಿ
ಬರುತ್ತಿತ್ತು, ನಿಧಾನ,
ಹಿಂದೆ ಆ ನಾಯಿ.