ಏಳರ ಮಗ್ಗಿ

ಅಕಿತಾದಲ್ಲಿ ಜನವರಿ ಎಂದರೆ
ಕಿಟಕಿಯ ಅರ್ಧಕ್ಕೆ ಹಿಮ, ಮಿಕ್ಕಷ್ಟೇ ಬೆಳಕು.
ಆ ಬೆಳಕಿನಲ್ಲಿ
ಎರಡನೇ ತರಗತಿಯ ಮೂವತ್ತೊಂದು ಬಾಯಿ
ಒಟ್ಟಿಗೆ ಮಗ್ಗಿ ಒಪ್ಪಿಸುತ್ತವೆ.
ಮೂವತ್ತೊಂದಲ್ಲ, ಮೂವತ್ತು.
ಚಿಗುಸಾ ಬರಿದೆ ತುಟಿಯಾಡಿಸುತ್ತಾಳೆ.

ನಮ್ಮಲ್ಲಿ ನಾಲ್ಕಕ್ಕೆ ಶಿ, ಏಳಕ್ಕೆ ಶಿಚಿ.
ಏಳರ ಮಗ್ಗಿ ಹತ್ತುವ ಮಕ್ಕಳೆಲ್ಲ
ಅಲ್ಲೊಮ್ಮೆ ಜಾರಿಯೇ ಜಾರುತ್ತಾರೆ,
ಮಂಜು ಹೆಪ್ಪುಗಟ್ಟಿದ ಮೆಟ್ಟಿಲು.
ಇವಳು ಬಿದ್ದಲ್ಲೇ ಕೂತುಬಿಟ್ಟಿದ್ದಳು.

ನಾನು, ಓನೊದೆರಾ ಮೇಷ್ಟ್ರು,
ಇಪ್ಪತ್ತಾರು ವರ್ಷ ಸೀಮೆಸುಣ್ಣ ಸವೆಸಿದವನು,
ಗೊತ್ತಿದ್ದ ಮದ್ದನ್ನೇ ಅರೆದೆ:
ಅವಳ ಬಿಡುವಿನ ಇಪ್ಪತ್ತು ನಿಮಿಷ ಕಿತ್ತುಕೊಂಡೆ.
ಹೊರಗೆ ಉಳಿದವರು ಹಿಮದ ಗುಡ್ಡೆ ಹತ್ತಿ ಉರುಳುವಾಗ
ಒಳಗೆ ಅವಳು, ನಾನು, ಸೀಮೆಎಣ್ಣೆ ಒಲೆ.
"ಶಿಚಿ ರೊಕು..." ಎನ್ನುತ್ತೇನೆ.
ಅವಳು ಒಲೆಯ ಮೇಲಿನ ಕೆಟಲ್ ನೋಡುತ್ತಾಳೆ.
ಮೂರು ವಾರ.
ಕೆಟಲ್ಲಿಗಾದರೂ ಬಾಯಿಪಾಠ ಆಗಿರಬೇಕು.

ಗುರುವಾರ ಒಲೆ ಕೆಟ್ಟಿತು.
ಮರಗಟ್ಟಿದ ಬೆರಳಲ್ಲಿ ಪೆನ್ಸಿಲು ನಿಲ್ಲದೆ
ಎಲ್ಲರನ್ನೂ ಆಟದ ಹಜಾರಕ್ಕೆ ಅಟ್ಟಿದೆ,
ಕೈಗೊಂದು ಹಗ್ಗ ಕೊಟ್ಟು.
ಪಾಠದ ಯೋಚನೆಯೇ ಇರಲಿಲ್ಲ,
ಮೈ ಬಿಸಿಯಾದರೆ ಸಾಕಿತ್ತು.

ಹಲಗೆಯ ನೆಲ ಧಡಧಡ,
ಹಗ್ಗ ಗಾಳಿ ಸೀಳಿ ಸುಂಯ್ ಸುಂಯ್.
ಮೂಲೆಯಲ್ಲಿ ಚಿಗುಸಾ, ಕೆನ್ನೆ ಕೆಂಡ, ಜಡೆ ಬಿಚ್ಚಿ,
ಏನೋ ಎಣಿಸುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದೆ.
ಎಣಿಕೆಯಲ್ಲ.
ಶಿಚಿ ನಿ ಜೂಶಿ,
ಶಿಚಿ ಸನ್ ನಿಜೂಇಚಿ,
ಶಿಚಿ ಶಿ ನಿಜೂಹಚಿ.
ಕಾಲು ನೆಲ ಬಿಟ್ಟಾಗ ಪ್ರಶ್ನೆ,
ನೆಲ ಮುಟ್ಟುವಷ್ಟರಲ್ಲಿ ಉತ್ತರ.
ಐವತ್ತಾರಕ್ಕೆ ಹಗ್ಗ ಕಾಲಿಗೆ ತೊಡರಿತು.
ನಕ್ಕಳು. ಮತ್ತೆ ಮೊದಲಿಂದ.

ಮೂರು ವಾರ ನಾನು ಕಟ್ಟಿಹಾಕಿದ್ದು
ತಲೆಗೆ ಹೋಗುವ ದಾರಿಯನ್ನೇ ಎಂದು
ಯಾರಿಗೂ ಹೇಳಲಿಲ್ಲ.
ಶಿಕ್ಷಕರ ಕೋಣೆಯಲ್ಲಿ ಒಲೆ ರಿಪೇರಿಯ ಖರ್ಚಿನ ಮಾತು ನಡೆದಿತ್ತು.
ಸಂಜೆ ಕಾರು ಅಲ್ಲೇ ಬಿಟ್ಟು
ಸವೆದ ಮಂಡಿಯ ಬೈಗುಳ ಕೇಳುತ್ತ ಮನೆಗೆ ನಡೆದೆ.
ಸೇತುವೆಯ ಮೇಲೆ, ಎದೆಬಡಿತ ಕಿವಿಗೆ ಕೇಳುವಾಗ,
ಎಷ್ಟೋ ದಿನದಿಂದ ನಾಲಿಗೆ ತುದಿಯಲ್ಲೇ ಇದ್ದ ಹೆಸರೊಂದು
ಕರೆಯದೆ ಬಂತು:
ಮಿನೆಜಿರೋ. ನನಗೆ ಈಜು ಕಲಿಸಿದವನು.

ಪರೀಕ್ಷೆಯ ದಿನ. ಹೊಸ ಒಲೆ. ಸದ್ದಿಲ್ಲ.
ಚಿಗುಸಾಳ ಪೆನ್ಸಿಲು ಒಂದೆಡೆ ನಿಂತಿತು.
ಡೆಸ್ಕಿನ ಕೆಳಗೆ ಅವಳ ಹಿಮ್ಮಡಿ
ಅಕ್ಕಿಕಾಳಿನಷ್ಟು ಮೇಲೆದ್ದು
ಇಳಿದು
ಮತ್ತೆ ಎದ್ದಿತು.

"ಅಲುಗಾಡದೆ ಬರೆಯಿರಿ" ಎಂದು ಗೋಡೆಯಲ್ಲಿ
ನನ್ನದೇ ಕೈಬರಹ.

ಕಿಟಕಿಯತ್ತ ತಿರುಗಿ ನಿಂತೆ.