ಬಿಡಿಸುವವನು

ಕೋಣ ಸಾಕಿದವನಲ್ಲ ನಾನು, ಕೊಂಬು ಹೆರೆದವನೂ ಅಲ್ಲ.
ರಾತ್ರಿಯೆಲ್ಲ ಎದ್ದಿದ್ದು ಅಕ್ಕಿಹೆಂಡಕ್ಕೆ ಮೊಟ್ಟೆ ಒಡೆದು
ಬಿದಿರ ಗೊಟ್ಟದಲ್ಲಿ ಕುಡಿಸಿದವರು ಬೇರೆ.
ನಾನು ಹಗ್ಗದವನು.
ಹಿಂಗಾಲಿಗೆ ಹಗ್ಗ ಬಿಗಿಯುವುದು, ಕೂಗು ಬಂದಾಗ ಎಳೆಯುವುದು,
ಒಂದಕ್ಕೊಂದು ಸಿಕ್ಕಿಕೊಂಡ ತಲೆಗಳನ್ನು ಬಿಡಿಸುವುದು.
ಇಷ್ಟೇ.

ಇಷ್ಟೇ ಅಂದೆ. ಅಂಗೈ ತೋರಿಸಲೇ?
ಶಾಸ್ತ್ರ ಹೇಳುವವಳು ಒಮ್ಮೆ ಹಿಡಿದು ನೋಡಿ
ದುಡ್ಡು ವಾಪಸು ಕೊಟ್ಟಳು: ಓದಲು ಒಂದು ಗೆರೆಯೂ ಇರಲಿಲ್ಲ.

ಒಂಬತ್ತನೇ ತಿಂಗಳು. ಭತ್ತ ಕಣಜ ಸೇರಿದೆ.
ಹೊಳೆ ಸೊರಗಿ ಬೆಣಚುಕಲ್ಲಿನ ದಂಡೆ ಅಗಲವಾಗಿದೆ.
ಗುಡ್ಡದ ಮೆಟ್ಟಿಲುಗದ್ದೆಗಳಲ್ಲಿ ಈಗ ಪೈರಿಲ್ಲ, ಬರೀ ಕೊಡೆ;
ಕೊಡೆಯ ಕೆಳಗೆ ಮಂದಿ, ಮಂದಿಯ ಬಾಯಲ್ಲಿ
ಸೂರ್ಯಕಾಂತಿ ಬೀಜದ ಚಿಟಿಚಿಟಿ.
ಲೂಶೆಂಗಿನ ಉದ್ದ ಬಿದಿರುಗಳು ಎದೆಯೊಳಗೇ ಊದಿದ ಹಾಗೆ.
ತಲೆಯ ಮೇಲೆ ಬೆಳ್ಳಿಯ ಕೊಂಬು ಹೊತ್ತ ಹುಡುಗಿಯರು
ಒಬ್ಬಳ ಕೊಂಬು ಇನ್ನೊಬ್ಬಳಿಗೆ ತಾಗದಂತೆ
ಕತ್ತು ನೆಟ್ಟಗೆ ಮಾಡಿ ನಡೆಯುತ್ತಾರೆ.
ಆ ಜಾಣತನ ಕೋಣಕ್ಕಿಲ್ಲ.
ನಮಗೂ.

ಆಚೆ ಹಗ್ಗದ ತುದಿಯಲ್ಲಿ ನನ್ನ ತಮ್ಮ ಶ್ಯಾಂಗ್ ಪೋ,
ಹೊಳೆಯಾಚೆ ಹೆಂಡತಿಯ ಊರಲ್ಲಿ ನೆಲೆಸಿದವನು.
ಮಾತು ಬಿಟ್ಟು ಏಳು ವರ್ಷ.
ಕಾರಣ ಕೇಳಿದರೆ ನಗಬೇಡಿ. ಮೇಲಿನ ಗದ್ದೆಯಿಂದ
ಕೆಳಗಿನ ಗದ್ದೆಗೆ ನೀರು ಹಾಯಿಸುವ ಒಂದು ಸೀಳುಬಿದಿರು.
ಒಂದು ಬೆಳಗ್ಗೆ ಅದು ತಿರುಗಿತ್ತು. ತಿರುಗಿಸಿದ್ದು ಯಾರು, ಅಷ್ಟೇ.
ನಾನು ಜೆನ್ ಪೋ. ಅವನು ಶ್ಯಾಂಗ್ ಪೋ.
ನಮ್ಮವರ ಪದ್ಧತಿ: ಹೆಸರಿನ ಹಿಂದೆ ಅಪ್ಪನ ಹೆಸರು,
ಹಿಂಗಾಲಿಗೆ ಹಗ್ಗ ಕಟ್ಟಿದ ಹಾಗೆ.

ಅಜ್ಜಿ ಹಾಡುತ್ತಿದ್ದಳು: ಚಿಟ್ಟೆತಾಯಿ ಇಟ್ಟದ್ದು ಹನ್ನೆರಡು ಮೊಟ್ಟೆ;
ಒಂದರಲ್ಲಿ ಗುಡುಗು, ಒಂದರಲ್ಲಿ ಹುಲಿ,
ಒಂದರಲ್ಲಿ ಕೋಣ, ಒಂದರಲ್ಲಿ ನಾವು.
ಕಣ್ಣು ಬಿಟ್ಟದ್ದೇ ತಡ, ಹಿರಿಯ ಯಾರೆಂದು ಜಗಳ.

ಪಟಾಕಿ ಸಿಡಿಯಿತು. ಹೊಗೆಯಿಂದ ಎರಡೂ ಬಂದವು.
ಆ ಸದ್ದು ಡೋಲಿನದಲ್ಲ, ಬಂಡೆಗೆ ಬಂಡೆಯದೂ ಅಲ್ಲ.
ಮನೆಯೊಳಗೆ ತುಂಬಿದ ಪೆಟ್ಟಿಗೆ ಕೆಳಗೆ ಬಿದ್ದಂತೆ:
ಏನು ಒಡೆಯಿತೋ ತೆರೆಯುವ ತನಕ ತಿಳಿಯದು.
ಆಮೇಲೆ ಕದಲಿಕೆಯೇ ಇಲ್ಲ. ಹಣೆಗೆ ಹಣೆ ಕೊಟ್ಟು ನಿಂತವು,
ನೋಡುವವರಿಗೆ ಏನೋ ಗುಟ್ಟು ಹೇಳಿಕೊಳ್ಳುತ್ತಿರುವ ಹಾಗೆ.
ಧ್ವನಿವರ್ಧಕ ಕೂಗಿತು: ಬಿಡಿಸಿ! ಬಿಡಿಸಿ!
ಈಚೆ ನಾವು ಹತ್ತು ಜನ, ಆಚೆ ಅವರು ಹತ್ತು ಜನ,
ಬೆನ್ನು ನೆಲಕ್ಕೆ ತಾಗುವಷ್ಟು ಹಿಂದಕ್ಕೆ ಬಾಗಿ ಎಳೆದೆವು.

ಕಳಚಿತು. ನಮ್ಮದು ತಿರುಗಿ ಓಡಿತು.
ಒಂಬತ್ತು ಜನ ಕೈ ಬಿಟ್ಟರು.
ನನ್ನ ಮಣಿಕಟ್ಟಿಗೆ ಹಗ್ಗದ ಒಂದು ಸುತ್ತು ಬಿದ್ದಿತ್ತು.
ಆಕಾಶ, ಕಲ್ಲು, ಕೊಡೆ, ಕಲ್ಲು, ಯಾರದೋ ಚಪ್ಪಲಿ, ಕಲ್ಲು.
ಆಗ ಕೇಳಿಸಿತು, ಏಳು ವರ್ಷ ಹಳತಾದ ಗಂಟಲು:
ಬಿಡು! ಅಣ್ಣಾ, ಬಿಡೋ!

ನಾನು ಬಿಟ್ಟೆನೋ ಹಗ್ಗವೇ ನನ್ನನ್ನು ಬಿಟ್ಟಿತೋ.
ಕೋಣ ಹೊಳೆಗಿಳಿದು ಕತ್ತಿನವರೆಗೆ ನೀರಲ್ಲಿ ನಿಂತಿತ್ತು,
ಸೋತದ್ದು ಅದಕ್ಕೆ ಆಗಲೇ ಮರೆತಂತಿತ್ತು.
ಮೂಗಿನ ಮೇಲೆ ನೊಣ ಕೂತರೆ ಕಿವಿ ಅಲ್ಲಾಡಿಸುತ್ತಿತ್ತು.

ಅವನು ಬಂದ. ಎರಡು ಮಾರು ದೂರ ಕುಕ್ಕರಗಾಲಲ್ಲಿ ಕೂತ.
ನನ್ನ ಮೊಣಕೈಯ ಕಲ್ಲುಪುಡಿ ಬೇರೆ ಯಾರೋ ಆರಿಸುತ್ತಿದ್ದರು.
ಬಿದಿರಿನ ಸುದ್ದಿ ಅವನೂ ಎತ್ತಲಿಲ್ಲ, ನಾನೂ.
ನನ್ನ ಹಗ್ಗ ಎಳೆದುಕೊಂಡು, ಕೆಸರು ಒರೆಸಿ,
ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ
ಪಕ್ಕಕ್ಕಿಟ್ಟು ಹೋದ.

ಅವನು ಎಡಚ. ಅಪ್ಪನ ಹಾಗೆ.
ಅವನು ಸುತ್ತಿದ ಹಗ್ಗ ನನ್ನ ಕೈಗೆ ತಿರುಗುಮುರುಗು;
ಬಿಡಿಸಿ ಮತ್ತೆ ಸುತ್ತದಿದ್ದರೆ ಕೆಲಸಕ್ಕೆ ಬಾರದು.

ಗೂಟಕ್ಕೆ ಹಾಗೇ ನೇತುಹಾಕಿದ್ದೇನೆ.
ಮುಂದಿನ ಕಾಳಗಕ್ಕೆ ಇನ್ನೂ ದಿನ ಇದೆ.